ಗೆರೆಯ ಪಕ್ಕ ನಿಂತವರು

ಅಕ್ಟೋಬರ್ 5, 1998, ಸೋಮವಾರ

ಮಳೆ ಬಿಟ್ಟಿತು. ಗೋಣಿಬೀಡಿನ ಶಾಲೆ ಮೈದಾನದಲ್ಲಿ ಇವತ್ತು ನೆಟ್ ಕಟ್ಟಿದೆವು. ಕಂಬಗಳಿಗೆ ಹಿಡಿದ ಪಾಚಿ ಉಜ್ಜಿ ತೆಗೆಯುವಷ್ಟರಲ್ಲಿ ನನ್ನ ದುಪ್ಪಟ್ಟಾ ಪೂರ್ತಿ ಹಸಿರು.

ಎಂಟು ಹುಡುಗಿಯರು ಬಂದಿದ್ದಾರೆ. ಆಡಲು ಆರು ಜನ, ಹೊರಗೆ ಇಬ್ಬರು, ಅಲ್ಲಿಗೆ ಸರಿಹೋಯಿತು. ಡಿಸೆಂಬರಿನ ಮೊದಲ ಭಾನುವಾರ ಮೂಡಿಗೆರೆಯಲ್ಲಿ ಹುಡುಗಿಯರ ವಾಲಿಬಾಲ್ ಪಂದ್ಯಾವಳಿ. ಹೋದ ವರ್ಷ ಮೊದಲ ಆಟದಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಿದ್ದೆವು. ಬಸ್ಸಿನಲ್ಲಿ ಯಾರೋ "ಟೂರ್ ಬೇಗ ಮುಗೀತಾ?" ಎಂದು ಕೇಳಿದ್ದರು. ಒಂದು ಕಾಲಕ್ಕೆ ಮೈಸೂರು ವಿಶ್ವವಿದ್ಯಾನಿಲಯದ ತಂಡಕ್ಕೆ ಆಡಿದವಳು ನಾನು. ಈ ಸಲ ಕಪ್ ಗೆದ್ದು ತರದೆ ಬಿಡುವುದಿಲ್ಲ.

ನಾನು ಮೈದಾನದಲ್ಲಿರುವಷ್ಟು ಹೊತ್ತು ನಮ್ಮ ಎಸ್.ಟಿ.ಡಿ. ಬೂತಿನಲ್ಲಿ ಅಮ್ಮ ಕೂರಬೇಕು. "ಸಂಬಳ ಇಲ್ಲ, ಸಾರಿಗೆ ಇಲ್ಲ. ಎಂತಕ್ಕೆ ಮಾರಾಯ್ತಿ ಊರ ಮಕ್ಕಳ ಉಸಾಬರಿ ನಿಂಗೆ?" ಎಂದಳು. ಪ್ರತಿ ವರ್ಷ ಕೇಳುತ್ತಾಳೆ, ಪ್ರತಿ ವರ್ಷ ಕೂರುತ್ತಾಳೆ.

ಹುಡುಗಿಯರಿಗೆ ಮೊದಲೇ ಹೇಳಿಬಿಟ್ಟೆ. ಅಳುವವರು ಈಗಲೇ ಮನೆಗೆ ಹೋಗಬಹುದು. ಯಾರೂ ಹೋಗಲಿಲ್ಲ.

ಅಕ್ಟೋಬರ್ 7, ಬುಧವಾರ

ಇವತ್ತು ದೇವರಾಜ ಗೌಡರ ಆಗಮನವಾಯಿತು. ಊರಾಚೆ ಅವರ ಎಸ್ಟೇಟು. ಮಗಳು ರಕ್ಷಾ ನಮ್ಮಲ್ಲಿ ಎಲ್ಲರಿಗಿಂತ ಎತ್ತರ, ಸ್ಮ್ಯಾಶ್ ಹೊಡೆಯುವವಳು ಅವಳೊಬ್ಬಳೇ. ಗೌಡರು ಜೀಪು ನಿಲ್ಲಿಸಿ ಸೀದಾ ಸುಣ್ಣದ ಗೆರೆಯ ಪಕ್ಕ ಬಂದು ನಿಂತರು. ಅಲ್ಲಿಂದ ಶುರು. "ರಕ್ಷಾ, ಕೈ ಎತ್ತು! ರಕ್ಷಾ, ಎಲ್ಲಿ ನೋಡ್ತಿದೀಯ? ಕಾಲಿಗೆ ಬೇರು ಬಿಟ್ಟಿದ್ಯೇನೇ, ಹಾರು!"

ಬೇರಿನ ಮಾತು ನಾನು ಹೇಳುವಂಥದ್ದು. ಅವರ ಬಾಯಲ್ಲಿ ಕೇಳಿದಾಗ ಬಹಳ ಕೆಟ್ಟದಾಗಿತ್ತು. ನಾನು ಹೇಳುವ ರೀತಿ ಬೇರೆ.

ಅವರಿಗೆ ಏನೂ ಹೇಳುವಂತಿಲ್ಲ. ನೆಟ್ ಅವರು ಕೊಡಿಸಿದ್ದು. ಮೂಡಿಗೆರೆಗೆ ಹೋಗಬೇಕಾದರೂ ಅವರ ಜೀಪೇ.

ಅಕ್ಟೋಬರ್ 13, ಮಂಗಳವಾರ

ಒಬ್ಬರು ಸಾಲದು ಅಂತ ಈಗ ಇನ್ನೊಬ್ಬರು. ರಸ್ತೆ ಬದಿಯ ಗ್ಯಾರೇಜಿನ ಮಹಮ್ಮದರ ಹೆಂಡತಿ ಸಾಬೀರಾ. ಮಗಳು ಶೈಮಾ ಎಂಟು ಜನರಲ್ಲಿ ಎಲ್ಲರಿಗಿಂತ ಗಿಡ್ಡ, ಹಾಗಾಗಿ ಹೊರಗೆ ಕೂರಿಸಿದ್ದೇನೆ. ಸಾಬೀರಾ ಸ್ಟೀಲ್ ಡಬ್ಬಿಯ ತುಂಬ ಬಿಸಿ ಸಮೋಸ ತಂದು ನನ್ನ ಕೈಗಿಟ್ಟಳು.

"ತಿನ್ನಿ ವಿಮಲಕ್ಕ. ತಿಂದ್ಕೊಂಡೇ ಹೇಳಿ, ನನ್ನ ಮಗಳು ಎಂತ ಪಾಪ ಮಾಡಿದಾಳೆ ಅಂತ ಹೊರಗೆ ಕೂರಿಸಿದೀರಿ?"

"ಅವಳಿಗಿನ್ನೂ ಕೈ ಕೂತಿಲ್ಲ ಸಾಬೀರಾ."

"ಹೊರಗೆ ಕೂತ್ರೆ ಕೈ ಹೇಗೆ ಕೂರ್ತದೆ?"

ನಾನು ಇನ್ನೊಂದು ಸಮೋಸ ಬಾಯಿಗಿಟ್ಟೆ. ಅವಳು ಹೋದ ಮೇಲೆ ಶೈಮಾ ಮೆಲ್ಲಗೆ ಬಂದು, "ವಿಮಲಕ್ಕ, ಅಮ್ಮ ಹೇಳಿದ್ಲು ಅಂತ ನನ್ನ ಆಟಕ್ಕೆ ಹಾಕ್ಬೇಡಿ. ರಕ್ಷಾ ಅಪ್ಪನ್ನ ಕಂಡ್ರೆ ನಂಗೆ ಹೆದರಿಕೆ" ಎಂದಳು.

ಹೆದರುವವರು ಆಟಕ್ಕೆ ಬರಬಾರದು ಎಂದೆ.

ಅಕ್ಟೋಬರ್ 23, ಶುಕ್ರವಾರ

ದೀಪಾವಳಿ ಮುಗಿಸಿ ಎಲ್ಲರೂ ಮೈಭಾರ ಮಾಡಿಕೊಂಡು ಬಂದಿದ್ದಾರೆ. ಸ್ಮ್ಯಾಶಿಗೆ ಚೆಂಡು ಎತ್ತಿಕೊಡುವ ಸೌಂದರ್ಯಳಿಗೆ ಜ್ವರ. ಬೇರೆ ದಾರಿಯಿಲ್ಲದೆ ಶೈಮಾಳನ್ನು ಆ ಜಾಗಕ್ಕೆ ಹಾಕಿದೆ. ಮೊದಲ ಚೆಂಡೇ ಅವಳ ಬೆರಳ ಸಂದಿನಿಂದ ಜಾರಿ ತಲೆಯ ಮೇಲೆ ಬಿತ್ತು.

ಗೌಡರು ಗೆರೆಯ ಪಕ್ಕದಿಂದ, "ಆ ಪುಟಾಣಿಗೆ ಕೈ ಇಲ್ವಾ? ಇವಳು ಎತ್ತಿಕೊಟ್ಟು ನನ್ನ ಮಗಳು ಹೊಡೆದ ಹಾಗೇ!" ಎಂದು ಕೂಗಿದರು.

ಸಾಬೀರಾ ಬೇಲಿಯ ಹತ್ತಿರ ನಿಂತಿದ್ದಳು. ಮೈದಾನದ ನಡುವಿನಿಂದಲೇ ದಾಟಿ ಬಂದು ಅವರ ಎದುರು ನಿಂತಳು. ಗೌಡರ ಎದೆಮಟ್ಟಕ್ಕೂ ಇಲ್ಲ ಅವಳು.

"ಗೌಡ್ರೇ, ನನ್ನ ಮಗಳಿಗೆ ಬೈಯೋಕೆ ಮನೇಲಿ ನಾನಿದೀನಿ. ನಿಮಗೆ ಬೈಲೇಬೇಕು ಅಂತಿದ್ರೆ ನಿಮ್ಮ ಮಗಳಿಗೆ ಬೈಯಿರಿ. ಅವಳಿಗಂತೂ ಅಭ್ಯಾಸ ಆಗ್ಹೋಗಿದೆ, ಪಾಪ."

ಗೌಡರ ಮುಖ ಕೆಂಪಾಯಿತು. ಶೈಮಾ ಅಳುತ್ತಿದ್ದಳು. ರಕ್ಷಾ ನೆಲ ನೋಡುತ್ತಿದ್ದಳು. ಆಟ ಅಲ್ಲಿಗೇ ಮುಗಿಸಿದೆ. ಮನೆಗೆ ಬಂದರೆ ಅಮ್ಮ, "ಇವತ್ತು ಯಾರದ್ದೋ ಜಗಳ ಅಂತೆ. ನೀನೇ ಕೂಗ್ತಿದೀಯ ಅಂದ್ಕೊಂಡೆ, ದಿನಾ ಕೇಳ್ತದಲ್ಲ" ಎಂದಳು.

ಈ ಅಪ್ಪ ಅಮ್ಮಂದಿರನ್ನೆಲ್ಲ ಬಸ್ಸು ಹತ್ತಿಸಿ ಎಲ್ಲಿಗಾದರೂ ಕಳಿಸಿಬಿಟ್ಟರೆ ನನ್ನ ತಂಡ ಡಿಸೆಂಬರಿಗೆ ತಯಾರಾಗುತ್ತದೆ.

ನವೆಂಬರ್ 3, ಮಂಗಳವಾರ

ಗೌಡರು ಕೆಲಸದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದಾರೆ. ರಕ್ಷಾಳ ಸರ್ವಿಸ್ ಇವತ್ತು ಒಂದಕ್ಕಿಂತ ಒಂದು ಚೆಂದ. ಅಪ್ಪ ಇದ್ದರೆ ನೆಟ್ಟಿಗೆ ಹೊಡೆಯುವ ಹುಡುಗಿ ಇವಳೇನಾ ಎನ್ನಿಸಿತು. ಆದರೂ ಮತ್ತೆ ಮತ್ತೆ ರಸ್ತೆಯ ಕಡೆ ನೋಡುತ್ತಿದ್ದಳು. ಎಲ್ಲಿ ಜೀಪು ಬಂದುಬಿಡುತ್ತದೋ ಎಂಬ ಭಯ ಇರಬೇಕು.

ತೀರ್ಮಾನ ಮಾಡಿದೆ. ಗೌಡರಿಗೆ ಹೇಳಿಬಿಡುತ್ತೇನೆ, ಅಭ್ಯಾಸದ ಹೊತ್ತಿನಲ್ಲಿ ಮೈದಾನಕ್ಕೆ ಬರಬೇಡಿ ಅಂತ. ಜೀಪು ಕೊಡದಿದ್ದರೆ ಬಸ್ಸಿದೆ.

ನವೆಂಬರ್ 5, ಗುರುವಾರ

ಗೌಡರಿಗೆ ಹೇಳುವ ಮುಂಚೆ ರಕ್ಷಾಳಿಗೆ ಒಂದು ಮಾತು ಹೇಳೋಣವೆಂದು ಕಂಬದ ಹತ್ತಿರ ಕರೆದೆ. ನಾಳೆಯಿಂದ ನಿಮ್ಮಪ್ಪ ಬರುವುದಿಲ್ಲ, ನೀನು ಆರಾಮವಾಗಿ ಆಡು ಎಂದೆ. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ.

"ಬೇಡ ವಿಮಲಕ್ಕ" ಎಂದಳು.

"ಬೇಡವಾ? ಅವರಿದ್ರೆ ನಿನ್ನ ಕೈ ನಡುಗ್ತದಲ್ಲ?"

"ನಡುಗಿದ್ರೆ ನಡುಗಲಿ." ನೆಟ್ಟಿನ ಹಗ್ಗದ ಗಂಟನ್ನು ಬಿಚ್ಚುವುದು, ಕಟ್ಟುವುದು ಮಾಡುತ್ತಾ ನಿಂತಳು. "ಅಮ್ಮ ತೀರಿಕೊಂಡ ಮೇಲೆ ಅಪ್ಪ ಮನೇಲಿ ಮಾತಾಡೋದೇ ಇಲ್ಲ. ಊಟ ಆಯ್ತಾ ಅಂತಾನೂ ತಿಮ್ಮಮ್ಮನ ಹತ್ರ ಕೇಳಿಸ್ತಾರೆ. ಇಲ್ಲಿ ಬಂದ್ರೆ ಮಾತ್ರ ನನ್ನ ಹೆಸರು ಹಿಡಿದು ಕರೆಯೋದು."

ತಿಮ್ಮಮ್ಮ ಅವರ ಮನೆಯ ಅಡುಗೆಯವರು.

ಗೌಡರಿಗೆ ಹೇಳುವ ಮಾತನ್ನು ಅಲ್ಲಿಗೇ ಬಿಟ್ಟೆ. ಹೋಗು, ಸರ್ವಿಸ್ ಮಾಡು ಎಂದೆ. ಇವತ್ತು ಬೇರೇನೂ ಬರೆಯಲು ಮನಸ್ಸಿಲ್ಲ.

ನವೆಂಬರ್ 9, ಸೋಮವಾರ

ಎಲ್ಲ ಹಾಳಾಯಿತು.

ರಕ್ಷಾ ಸರ್ವಿಸ್ ಮೇಲೆ ಸರ್ವಿಸ್ ನೆಟ್ಟಿಗೆ ಹೊಡೆದಳು. ಗೌಡರು ಕೂಗಿ ಕೂಗಿ ಕೊನೆಗೆ, "ಸಾಕು, ಜೀಪು ಹತ್ತು. ನಾಳೆಯಿಂದ ಆಟವೂ ಬೇಡ ಎಂತದೂ ಬೇಡ. ಊರವರ ಎದುರು ನನ್ನ ಮಾನ ತೆಗೀಬೇಡ" ಎಂದರು. ನನಗೆ ತಡೆಯಲಾಗಲಿಲ್ಲ.

"ದೇವರಾಜಣ್ಣ, ಈ ಮೈದಾನದಲ್ಲಿ ಕೂಗೋಳು ನಾನೊಬ್ಬಳೇ. ನೀವಲ್ಲ!"

"ನೆಟ್ ಯಾರದ್ದು ಅಂತ ನೆನಪಿದ್ಯಾ ವಿಮಲಮ್ಮ?"

ನೆನಪಿತ್ತು. ನಾನೇ ಹೋಗಿ ಎರಡೂ ಕಡೆ ಗಂಟು ಬಿಚ್ಚಿ, ನೆಟ್ಟನ್ನು ಸುತ್ತಿ, ಅವರ ಜೀಪಿನ ಹಿಂದೆ ಹಾಕಿದೆ. ರಕ್ಷಾ ಮುಂದಿನ ಸೀಟಿನಲ್ಲಿ ಅಲುಗಾಡದೆ ಕೂತಿದ್ದಳು. ಉಳಿದ ಏಳು ಜನ ಬರೀ ಕಂಬಗಳ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದರು.

ನಾನು ಮಾಡಿದ್ದು ಸರಿಯಾಗಿಯೇ ಇದೆ. ಆದರೆ ಊಟ ಸೇರಲಿಲ್ಲ.

ನವೆಂಬರ್ 11, ಬುಧವಾರ

ನೆಟ್ ಇಲ್ಲದಿದ್ದರೂ ನಾಲ್ಕು ಗಂಟೆಗೆ ಎಲ್ಲರೂ ಬಂದು ನಿಂತಿದ್ದರು. ಮೈದಾನದ ಸುತ್ತ ಓಡಿಸೋಣ ಅಂದುಕೊಳ್ಳುವಷ್ಟರಲ್ಲಿ ಸಾಬೀರಾ ಬಂದಳು. ತಲೆಯ ಮೇಲೆ ಹಗ್ಗದ ದೊಡ್ಡ ಸುರುಳಿ.

"ಕೆಟ್ಟ ಲಾರಿ ಎಳೆಯೋ ಹಗ್ಗ ಇದು. ನಮ್ಮನೆಯವ್ರು ಕೇಳಿದ್ರೆ ನೀವೇ ಕದ್ದಿದ್ದು ಅಂತೀನಿ" ಎಂದಳು. ಇಬ್ಬರೂ ಸೇರಿ ಕಟ್ಟಿದೆವು. ಹಗ್ಗ ಕಾಣಲಿ ಅಂತ ಅದರ ಮೇಲೆ ಹಳೆಯ ಬಟ್ಟೆ ನೇತುಹಾಕಿದೆವು. ಸೌಂದರ್ಯಳ ತಾಯಿ ಜವರಮ್ಮ ತೋಟದ ಕೆಲಸದಿಂದ ಬರುವಾಗ ಅದನ್ನು ನೋಡಿ, "ಬಟ್ಟೆ ಒಣಹಾಕೋಕೆ ಶಾಲೆ ಮೈದಾನನೇ ಬೇಕಾಯ್ತಾ?" ಎಂದು ನಕ್ಕು ನಕ್ಕು ಕೂತುಬಿಟ್ಟಳು. ಹುಡುಗಿಯರೂ ನಕ್ಕರು. ಆಟದ ಹೊತ್ತಿನಲ್ಲಿ ನಗಬಾರದು ಎನ್ನುವ ನನ್ನದೊಂದು ನಿಯಮ ಇತ್ತು.

ಸ್ಮ್ಯಾಶ್ ಹೊಡೆಯುವವರಿಲ್ಲ. ಆ ಜಾಗ ಖಾಲಿ ಖಾಲಿ. ರಕ್ಷಾ ಈ ಹೊತ್ತಿಗೆ ಮನೆಯಲ್ಲಿ ಏನು ಮಾಡುತ್ತಿರುತ್ತಾಳೋ.

ನವೆಂಬರ್ 14, ಶನಿವಾರ

ಮಧ್ಯಾಹ್ನ ಎಸ್ಟೇಟಿಗೆ ನಡೆದುಕೊಂಡೇ ಹೋದೆ. ಜಗಳ ಮುಂದುವರಿಸುವುದೋ ಕ್ಷಮೆ ಕೇಳುವುದೋ ಎಂದು ದಾರಿಯುದ್ದಕ್ಕೂ ನಿರ್ಧಾರವಾಗಿರಲಿಲ್ಲ.

ದೊಡ್ಡ ಮನೆ. ಯಾರೂ ಕೇಳದಿದ್ದರೂ ಹಜಾರದಲ್ಲಿ ರೇಡಿಯೋ ಹಾಡುತ್ತಿತ್ತು. ತಿಮ್ಮಮ್ಮ ಕಾಫಿ ಕೊಟ್ಟು, "ನೀವಾದ್ರೂ ಎರಡು ಮಾತಾಡಿ ಹೋಗಿ ತಾಯಿ. ಈ ಮನೇಲಿ ನಾನು ಪಾತ್ರೆ ಹತ್ರ ಮಾತಾಡೋ ಹಾಗಾಗಿದೆ" ಎಂದು ಪಿಸುಗುಟ್ಟಿ ಒಳಗೆ ಹೋದರು. ರಕ್ಷಾಳ ಕೋಣೆಯ ಬಾಗಿಲು ಅರ್ಧ ಮುಚ್ಚಿತ್ತು.

ಗೌಡರು ಎದುರು ಕೂತರು. ಮೈದಾನದಲ್ಲಿ ಅಷ್ಟು ಎತ್ತರ ಕಾಣುವ ಮನುಷ್ಯ ಕುರ್ಚಿಯಲ್ಲಿ ಎಷ್ಟು ಚಿಕ್ಕವರಾಗಿ ಕಂಡರು.

ಮಾತು ಅವರೇ ಶುರು ಮಾಡಿದರು. "ನೋಡಿ ವಿಮಲಮ್ಮ, ನಂಗೆ ಗಿಡ ಕಸಿ ಮಾಡೋದು ಗೊತ್ತು, ಮೆಣಸು ಒಣಗಿಸೋದು ಗೊತ್ತು. ಹದಿನೈದು ವರ್ಷದ ಹೆಣ್ಣುಮಗಳ ಹತ್ರ ಎಂತ ಮಾತಾಡಬೇಕು ಅಂತ ಗೊತ್ತಿಲ್ಲ. ಅದೆಲ್ಲ ಅವಳಮ್ಮ ನೋಡ್ಕೊಳ್ತಿದ್ಲು. ಆಟ ಅಂದ್ರೆ ಏನೋ ಒಂದು ಹೇಳೋಕೆ ಸಿಗ್ತದೆ. ಕೈ ಎತ್ತು, ಓಡು, ಹಾರು... ನೀವು ಹೇಳೋದನ್ನೇ ಕೇಳಿಸಿಕೊಂಡು ಹೇಳೋದು. ಬಾಯಿಂದ ಬರುವಾಗ ಅದು ಬೈಗುಳ ಆಗ್ಬಿಡ್ತದೆ."

ನಾನು ಹೇಳುವುದನ್ನೇ ಹೇಳುತ್ತಿದ್ದರಂತೆ. ಕಾಫಿ ಆರಿಹೋಗಿತ್ತು, ಆದರೂ ಕುಡಿದೆ.

ಮನೆಯಿಂದ ಹೊರಡುವಾಗ ಇಲ್ಲದ ಯೋಚನೆಯೊಂದು ಅಲ್ಲೇ ಹೊಳೆಯಿತು. "ದೇವರಾಜಣ್ಣ, ನಂಗೊಬ್ಬ ಲೈನ್‌ಮನ್ ಬೇಕು. ಚೆಂಡು ಗೆರೆ ಒಳಗೆ ಬಿತ್ತಾ ಹೊರಗೆ ಬಿತ್ತಾ ನೋಡಿ ಬಾವುಟ ತೋರಿಸಬೇಕು. ಒಳಗೆ ಅಥವಾ ಗೆರೆ ಮೇಲೆ ಬಿದ್ರೆ ಕೆಳಗೆ, ಹೊರಗೆ ಬಿದ್ರೆ ಮೇಲೆ. ಒಂದೇ ಷರತ್ತು, ಬಾಯಿ ಬಿಡೋ ಹಾಗಿಲ್ಲ. ಲೈನ್‌ಮನ್ ಮಾತಾಡಬಾರದು ಅಂತ ಆಟದ ಕಾನೂನೇ ಇದೆ."

"ಕೂಗೋದು ನಿಲ್ಲಿಸೋಕೆ ಈ ಉಪಾಯವಾ?"

"ಹೌದು."

ಅವರು ನಗಲಿಲ್ಲ. ಯೋಚನೆ ಮಾಡ್ತೀನಿ ಎಂದರು. ಅರ್ಧ ಮುಚ್ಚಿದ್ದ ಬಾಗಿಲು ಈಗ ಪೂರ್ತಿ ತೆರೆದಿತ್ತು, ಅದನ್ನು ನೋಡಿಕೊಂಡೇ ಹೊರಟೆ.

ನವೆಂಬರ್ 17, ಮಂಗಳವಾರ

ಬಂದರು! ರಕ್ಷಾ ಮುಂದೆ, ಹಿಂದೆ ಹೆಗಲ ಮೇಲೆ ನೆಟ್ ಹೊತ್ತ ಗೌಡರು. ಸಾಬೀರಾಳ ಹಗ್ಗ ನೋಡಿ ಒಂದು ಕ್ಷಣ ನಿಂತರು. "ಗಟ್ಟಿ ಇದೆ" ಎಂದರು. "ಲಾರಿ ಎಳೆದಿದೆ" ಎಂದಳು ಸಾಬೀರಾ. ಅವರಿಬ್ಬರ ರಾಜಿ ಅಷ್ಟರಲ್ಲೇ ಆಯಿತು.

ಬಾವುಟವನ್ನು ಅಮ್ಮ ತನ್ನ ಹಳೆಯ ಕೆಂಪು ರವಿಕೆಯಿಂದ ಹೊಲಿದುಕೊಟ್ಟಿದ್ದಳು. ಗೌಡರು ಅದನ್ನು ಹಿಡಿದು ಮೂಲೆಯಲ್ಲಿ ನಿಂತರು. ಬಾಯಿ ತೆರೆಯುವುದು, ನೆನಪಾಗಿ ಮುಚ್ಚುವುದು. ರಕ್ಷಾಳ ಒಂದು ಜೋರಾದ ಹೊಡೆತ ಗೆರೆ ದಾಟಿ ಬಿತ್ತು. ಎಲ್ಲರೂ ಅವರ ಕಡೆ ನೋಡಿದರು. ಬಾವುಟ ಮೇಲೆ ಹೋಯಿತು.

"ಅಪ್ಪಾ, ಗೆರೆ ಮೇಲೇ ಬಿತ್ತು!"

ಅವರು ಬಾಯಿ ಬಿಡಲಿಲ್ಲ. ಬಾವುಟವನ್ನೂ ಇಳಿಸಲಿಲ್ಲ.

ನವೆಂಬರ್ 18, ಬುಧವಾರ

ರಕ್ಷಾ ಮೈದಾನಕ್ಕೆ ಬಂದವಳೇ, "ವಿಮಲಕ್ಕ, ನಿನ್ನೆ ಮನೆ ಮುಟ್ಟೋವರೆಗೂ ನಾನೂ ಅಪ್ಪನೂ ಜಗಳ. ಊಟಕ್ಕೆ ಕೂತಾಗಲೂ ಅದೇ. ಅಪ್ಪ ತಟ್ಟೆ ಪಕ್ಕ ಉಪ್ಪಲ್ಲಿ ಗೆರೆ ಎಳೆದು, ಚೆಂಡು ಇಲ್ಲಿ ಬಿತ್ತು ಅಂತ ನಿಂಬೆಹಣ್ಣು ಇಟ್ಟು ತೋರಿಸಿದ್ರು!" ಎಂದಳು.

ಎಷ್ಟು ಚೆಂದ ನಗುತ್ತಾಳೆ ಈ ಹುಡುಗಿ. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದಿದೆ.

ನವೆಂಬರ್ 24, ಮಂಗಳವಾರ

ಮಂಜಿಗೆ ಗಂಟಲು ಕಟ್ಟಿದೆ. ಸ್ವರವೇ ಹೊರಡುತ್ತಿಲ್ಲ. ಏನಾದರೂ ಹೇಳಬೇಕಾದರೆ ಹುಡುಗಿಯರನ್ನು ಹತ್ತಿರ ಕರೆಯಬೇಕು, ಅವರು ಸುತ್ತ ನಿಂತು ತಲೆ ಬಗ್ಗಿಸಿ ಕೇಳಬೇಕು. ಹತ್ತಿರ ಬಂದಾಗ ಕಂಡಿತು, ಸೌಂದರ್ಯಳ ಕಿವಿಯಲ್ಲಿ ಓಲೆಯ ಬದಲು ಕಡ್ಡಿ ಇದೆ, ಕೀವಾಗಿದೆ. ಬೂತಿನಲ್ಲಿದ್ದ ಮುಲಾಮು ಕೊಟ್ಟೆ. ಶೈಮಾಳ ಬೆರಳುಗಳು ಉದ್ದ. ಗಿಡ್ಡ ಹುಡುಗಿಗೆ ಇಂಥ ಬೆರಳಿರುವುದನ್ನು ಇಷ್ಟು ದಿನ ಯಾಕೆ ನೋಡಲಿಲ್ಲವೋ. ಚೆಂಡು ಎತ್ತಿಕೊಡುವುದಕ್ಕೇ ಮಾಡಿಸಿದಂತಿವೆ.

ಈ ವಾರ ಎಲ್ಲರೂ ಚೆನ್ನಾಗಿ ಆಡುತ್ತಿದ್ದಾರೆ. ನೆಟ್ಟನ್ನು ಬಿಗಿಯಾಗಿ ಕಟ್ಟಿದ್ದರಿಂದ ಇರಬೇಕು.

ಡಿಸೆಂಬರ್ 2, ಬುಧವಾರ

"ಗಂಟಲು ಸರಿಹೋಗಿ ನಾಲ್ಕು ದಿನ ಆಯ್ತಲ್ಲ, ಮೈದಾನದಿಂದ ಎಂತದೂ ಕೇಳ್ತಾನೇ ಇಲ್ಲ, ಅಭ್ಯಾಸ ನಿಲ್ಲಿಸಿದ್ಯಾ?" ಎಂದು ಅಮ್ಮ ಕೇಳಿದಳು. ಏನೋ ಹೇಳುತ್ತಾಳೆ.

ಶೈಮಾ ತಾನಾಗಿ ಬಂದು, "ಭಾನುವಾರ ನನ್ನ ಆಡಿಸ್ತೀರಾ?" ಎಂದಳು. ಆಡಿಸುತ್ತೇನೆ.

ಡಿಸೆಂಬರ್ 7, ಸೋಮವಾರ

ನಿನ್ನೆ ಮೂಡಿಗೆರೆ. ಬಂದು ಮಲಗಿದ್ದೊಂದೇ ಗೊತ್ತು, ಇವತ್ತು ಬೂತಿನಲ್ಲಿ ಕೂತು ಬರೆಯುತ್ತಿದ್ದೇನೆ.

ಎಂಟು ಹುಡುಗಿಯರು, ನಾನು, ಸಾಬೀರಾ, ಅವಳ ಎರಡು ದೊಡ್ಡ ಡಬ್ಬಿ, ಇಷ್ಟೂ ಗೌಡರ ಜೀಪಿನಲ್ಲಿ. ಮೊದಲ ಎರಡು ಆಟ ಗೆದ್ದೆವು. ಶೈಮಾ ಎತ್ತಿಕೊಟ್ಟ ಚೆಂಡು ಹೂವಿಟ್ಟ ಹಾಗೆ ನೆಟ್ಟಿನ ಮೇಲೆ ನಿಲ್ಲುತ್ತಿತ್ತು, ರಕ್ಷಾ ಹಾರಿ ಹೊಡೆಯುತ್ತಿದ್ದಳು. ಅವರಿಬ್ಬರೂ ಪ್ರತಿ ಸಲ ಒಬ್ಬರನ್ನೊಬ್ಬರು ನೋಡಿ ನಗುವುದನ್ನು ನೋಡುತ್ತಾ ಎಷ್ಟೋ ಸಲ ಅಂಕ ಎಷ್ಟಾಯಿತೆಂದೇ ಮರೆತೆ.

ಫೈನಲ್ ಕಳಸದ ತಂಡದ ಜೊತೆ. ಲೈನ್‌ಮನ್‌ಗಳು ಸಾಲದೆ ಎರಡೂ ತಂಡದವರಿಂದ ಜನ ಕೇಳಿದರು. ಗೌಡರು ತಮ್ಮ ಕೆಂಪು ಬಾವುಟ ಹಿಡಿದು ಹೊರಟೇಬಿಟ್ಟರು. ಕಳಸದ ಕೋಚ್ ತಕರಾರು ಮಾಡಿದರು. "ಆ ಎತ್ತರದ ಹುಡುಗಿಯ ಅಪ್ಪ ಅಲ್ವಾ ಇವರು? ಇವರ ಬಾವುಟ ನಾವು ನಂಬಬೇಕಾ?" ಗೌಡರ ಮುಖ ಕೆಂಪಾಯಿತು, ಆದರೆ ಒಂದು ಮಾತೂ ಆಡಲಿಲ್ಲ. ಅಂಪೈರ್ ನನ್ನ ಕಡೆ ನೋಡಿದರು.

"ಅವರು ಮಗಳಿಗೆ ಅಂತ ಸುಳ್ಳು ತೋರಿಸೋರಲ್ಲ. ನಾನು ಜವಾಬ್ದಾರಿ" ಎಂದೆ.

ಒಂದೊಂದು ಸೆಟ್ ಇಬ್ಬರಿಗೂ. ಮೂರನೆಯದರಲ್ಲಿ ಅವರು ಹದಿನಾಲ್ಕು, ನಾವು ಹದಿಮೂರು. ಶೈಮಾ ಚೆಂಡು ಎತ್ತಿದಳು. ರಕ್ಷಾ ಓಡಿ ಬಂದು ಹಾರಿದಳು. ಹೊಡೆತ ಎದುರಿನ ಅಂಕಣದ ಮೂಲೆಗೆ ಹೋಗಿ ಬಿತ್ತು, ಗೌಡರ ಕಾಲಬುಡದಲ್ಲೇ. ನಾನು ಕೂತಿದ್ದ ಬೆಂಚಿಗೆ ಆ ಮೂಲೆ ನೇರಕ್ಕಿತ್ತು. ಚೆಂಡು ಬಿದ್ದಲ್ಲಿ ಗೆರೆಯ ಸುಣ್ಣ ಹೊಗೆಯ ಹಾಗೆ ಎದ್ದಿತು.

ಅಡ್ಡ ನಿಂತಿದ್ದ ಹುಡುಗಿಯಿಂದಾಗಿ ಅಂಪೈರಿಗೆ ಕಾಣಲಿಲ್ಲ. ಅವರು ಲೈನ್‌ಮನ್ ಕಡೆ ನೋಡಿದರು. ಇಡೀ ಮೈದಾನ ನೋಡಿತು.

ಗೌಡರು ಬಾವುಟ ಮೇಲೆತ್ತಿದರು.

"ಅಪ್ಪಾ!" ಎಂದು ರಕ್ಷಾ ಕೂಗಿದ್ದು ಪೇಟೆಯವರೆಗೂ ಕೇಳಿರಬೇಕು. ಅವರು ಬಾವುಟ ಇಳಿಸಲಿಲ್ಲ. ಅಂಪೈರ್ ಸೀಟಿ ಊದಿದರು, ಹದಿನೈದನೆಯ ಅಂಕವೂ ಕಪ್ಪೂ ಕಳಸದವರದಾಯಿತು. ತಕರಾರು ಮಾಡೋಣವೆಂದು ಎದ್ದ ನಾನು ಯಾಕೋ ಹಾಗೇ ಕೂತುಬಿಟ್ಟೆ. ರಕ್ಷಾ ಸೊಂಟದ ಮೇಲೆ ಕೈಯಿಟ್ಟು ಅಪ್ಪನನ್ನು ಗುರಾಯಿಸಿಕೊಂಡು ನಿಂತಿದ್ದಳು. ಆಮೇಲೆ ತಲೆಯಾಡಿಸಿ, ನೆಟ್ಟಿನ ಕೆಳಗಿನಿಂದ ಕಳಸದ ಹುಡುಗಿಯರ ಕೈ ಕುಲುಕಲು ಹೋದಳು. ಕಳಸದ ಕೋಚ್ ಗೌಡರ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದರು. ಶೈಮಾ ಓಡಿ ಬಂದು ನನ್ನನ್ನು ತಬ್ಬಿಕೊಂಡು, "ಇಡೀ ಆಟದಲ್ಲಿ ಒಂದು ಚೆಂಡೂ ನನ್ನ ತಲೆ ಮೇಲೆ ಬೀಳ್ಲಿಲ್ಲ ವಿಮಲಕ್ಕ, ನೋಡಿದ್ರಾ?" ಎಂದಳು. ಸೌಂದರ್ಯ ಸ್ವಲ್ಪ ಅತ್ತಳು. ಪಕ್ಕದಲ್ಲಿ ಕೂರಿಸಿಕೊಂಡೆ, ಅತ್ತು ಮುಗಿಯುವವರೆಗೂ.

ವಾಪಸು ಬರುವಾಗ ಜೀಪಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಸಾಬೀರಾ, "ನಾನು ಕಣ್ಣಾರೆ ನೋಡಿದೀನಿ, ಒಳಗೇ ಬಿತ್ತು!" ಎಂದು ಆಣೆಯಿಟ್ಟಳು. ಎಲ್ಲರೂ ನಕ್ಕರು. ನಮ್ಮ ಚೆಂಡು ಹೊರಗೆ ಬಿದ್ದದ್ದು ಸಾಬೀರಾಗೆ ಇದುವರೆಗೆ ಒಮ್ಮೆಯೂ ಕಂಡಿಲ್ಲ.

"ಔಟ್" ಎಂದರು ಗೌಡರು. ಲೈನ್‌ಮನ್ ಕೆಲಸ ಮುಗಿದಿತ್ತು, ಈಗ ಮಾತಾಡಬಹುದಿತ್ತು.

"ಇನ್ ಅಪ್ಪಾ."

"ಇಷ್ಟು ಹೊರಗಿತ್ತು." ಸ್ಟಿಯರಿಂಗ್ ಬಿಟ್ಟು ಎರಡು ಬೆರಳಲ್ಲಿ ತೋರಿಸಿದರು.

"ಇಷ್ಟು ಒಳಗಿತ್ತು. ನಿಮ್ಮ ಕನ್ನಡಕ ಬದಲಾಯಿಸಬೇಕು. ಅಮ್ಮ ಆಗಲೇ ಹೇಳ್ತಿದ್ಲು."

ಗೌಡರು ಗೇರ್ ಬದಲಿಸಿ, "ಹೇಳ್ತಿದ್ಲು" ಎಂದರು. "ಎಂತದ್ದಕ್ಕೆ ಹೇಳ್ತಿದ್ಲು ಗೊತ್ತಾ? ಒಂದ್ಸಲ ನಾನು ಅವಳ ತಂಗಿನ ಅವಳೇ ಅಂತ ತಿಳ್ಕೊಂಡು ಬಸ್‌ಸ್ಟ್ಯಾಂಡಲ್ಲಿ ಬೈದಿದ್ದೆ." ರಕ್ಷಾ ಬಾಯಿ ಮುಚ್ಚಿಕೊಂಡು ನಕ್ಕಳು. ಈ ಕತೆ ಅವಳಿಗೆ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನಗು ಮುಗಿದ ಕೂಡಲೇ ಮತ್ತೆ ಇನ್, ಔಟ್.

"ಬೇಕಿದ್ರೆ ವಿಮಲಮ್ಮನ್ನ ಕೇಳು. ಅವರು ನೇರಕ್ಕೇ ಕೂತಿದ್ರು."

"ಹೇಳಿ ವಿಮಲಕ್ಕ, ಇನ್ ಅಲ್ವಾ?"

ಇಬ್ಬರೂ ಒಟ್ಟಿಗೆ ಹಿಂದೆ ತಿರುಗಿದರು. ರಸ್ತೆ ನೋಡಿ ದೇವರಾಜಣ್ಣ, ಎಂದೆ. ನಾನು ಆಗ ಶೈಮಾಳ ಕೈಯನ್ನೇ ನೋಡುತ್ತಿದ್ದೆ, ಚೆಂಡು ಎಲ್ಲಿ ಬಿತ್ತೆಂದು ಗೊತ್ತಾಗಲಿಲ್ಲ ಎಂದೆ.

"ಹಾಗಾದ್ರೆ ಔಟೇ" ಎಂದರು ಗೌಡರು.

"ಅದು ಹೇಗಪ್ಪಾ?" ಎಂದು ರಕ್ಷಾ ಅವರ ಕಡೆ ತಿರುಗಿ ಕಾಲು ಮಡಚಿ ಕೂತಳು.

ನಮ್ಮನ್ನೆಲ್ಲ ಶಾಲೆಯ ಮುಂದೆ ಇಳಿಸಿ ಜೀಪು ಎಸ್ಟೇಟಿನ ದಾರಿ ಹಿಡಿಯಿತು. ಏರಿನಲ್ಲಿ ಎಂಜಿನ್ನಿನ ಸದ್ದಿಗಿಂತ ಅವರಿಬ್ಬರ ಸದ್ದೇ ಜೋರಾಗಿತ್ತು. ತಿರುವು ದಾಟಿದ ಮೇಲೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು, ನಾವೆಲ್ಲ ಅಲ್ಲೇ ನಿಂತು ಕೇಳಿಸಿಕೊಂಡೆವು.